ಕುಸುಬಿ ಎಣ್ಣೆ ಕುಡಿದ ಹೆದೆ

ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಹೊತ್ತು ಇಷ್ಟು ಖಚಿತವಾಗಿ ನೆನಪಿರಲು ಕಾರಣ, ನಾನಾಗ ಸೋದರಮಾವನ ಮನೆಯ ಕಟ್ಟೆಯ ಮೇಲೆ ಕುಳಿತು ಕೈಗಡಿಯಾರಕ್ಕೆ ಕೀಲಿ ಕೊಡುತ್ತಿದ್ದೆ. ಮಾವ ಎತ್ತುಗಳಿಗೆ ನೀರು ಕುಡಿಸಲು ಹಳ್ಳಕ್ಕೆ ಹೋಗಿದ್ದ. ಅತ್ತೆ ಒಳಗಿನಿಂದ ಸಣ್ಣ ಬಟ್ಟಲೊಂದನ್ನು ಹಿಡಿದು ಬಂದಳು. ಗೂಟಕ್ಕೆ ತೂಗುಹಾಕಿದ್ದ ಬಿಲ್ಲನ್ನು ಇಳಿಸಿಕೊಂಡಳು. ಬಾಣಂತಿ ಕೂಸನ್ನು ಎರೆಯಲು ಕಾಲ ಮೇಲೆ ಹಾಕಿಕೊಳ್ಳುವ ಹಾಗೆ ಅದನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು, ಬಟ್ಟಲಲ್ಲಿದ್ದ ಕುಸುಬಿ ಎಣ್ಣೆಯನ್ನು ಹೊಸ ಹೆದೆಗೆ ಈ ತುದಿಯಿಂದ ಆ ತುದಿಯವರೆಗೆ ತೀಡಿದಳು. ಕೆಳತುದಿಯ ಗಂಟಿಗೆ ಬಂದಾಗ ಹೆಬ್ಬೆರಳಿನಿಂದ ಒತ್ತಿ ಒತ್ತಿ ಒಳಗೂ ಇಳಿಸಿದಳು.

"ನಮ್ಮಪ್ಪ ಹಿಂಗ ಮಾಡತಿದ್ದ," ಅಂದಳು. "ಹೊಸಾ ಹೆದಿ ಅಂದ್ರ ಹೊಸಾ ಸೊಸಿ ಇದ್ದಂಗ. ಎಣ್ಣಿ ಅರಿಷಿಣ ಇಲ್ಲದ ಒಳಗ ಕರಕೋಬಾರದಂತ."

ಅವಳ ಅಪ್ಪ ತೀರಿಕೊಂಡ ಮೇಲೆ ಅವಳ ಮುಖದಲ್ಲಿ ನಗು ಕಂಡದ್ದು ಆವತ್ತೇ. ನನಗೆ ಬಿಲ್ಲಿನ ಸಂಗತಿ ಏನೂ ತಿಳಿಯದು. ಚೆಂದ ಕಾಣುತ್ತಿದೆ ಎಂದು ನೋಡುತ್ತಾ ಕುಳಿತೆ.

ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳು ಅವು. ಹೈದರಾಬಾದಿನಲ್ಲಿ ಕಾಲೇಜು ಮುಗಿಸಿ, ನೌಕರಿಗೆ ಅರ್ಜಿ ಹಾಕಿ ಕಾಯುತ್ತಿದ್ದೆ. ಲಿಂಗಸುಗೂರಿನ ತಹಸೀಲ ಕಚೇರಿಯಲ್ಲಿದ್ದ ಅಪ್ಪ, "ಮನ್ಯಾಗ ಕುಂತು ಗ್ವಾಡಿ ನೋಡಬ್ಯಾಡ. ಮಾವನ ಊರಿಗೆ ಹೋಗು, ನಾಕು ದಿನ ಸೀತನಿ ತಿಂದು ಬಾ," ಎಂದು ಕಳಿಸಿದ್ದ. ಮಾವನ ಊರು ಮಸ್ಕಿಯ ಗುಡ್ಡ ಕಣ್ಣಿಗೆ ಕಾಣುವಷ್ಟು ದೂರದ ಹಳ್ಳಿ. ಜೋಳ ಹಾಲುಗಾಳು ಕಟ್ಟಿ, ಎಳೆತೆನೆ ಸುಟ್ಟು ಸೀತನಿ ತಿನ್ನುವ ಕಾಲ ಬಂತೆಂದರೆ ಗುಡ್ಡದ ಸೆರಗಿನಿಂದ ಕಾಡುಹಂದಿಗಳು ಇಳಿಯುತ್ತಿದ್ದವು. ತಿನ್ನುವುದು ಸ್ವಲ್ಪ, ತುಳಿಯುವುದು ಬಹಳ. ಹೊಲದವರೆಲ್ಲ ಆಗ ಮಾವನ ಮನೆಯ ಬಾಗಿಲಿಗೆ ಬರುತ್ತಿದ್ದರು. ಬಂದೂಕಿಗೆ ಸರ್ಕಾರದ ಪರವಾನಿ ಬೇಕು. ಆ ಪರವಾನಿಗಾಗಿ ಪೊಲೀಸ್ ಅಮೀನರ ಮುಂದೆ ಕೈಕಟ್ಟಿ ನಿಲ್ಲುವುದಕ್ಕಿಂತ ಹಂದಿಯ ಮುಂದೆ ನಿಲ್ಲುವುದು ಹಗುರ ಎನ್ನುತ್ತಿದ್ದ ಮಾವ. ಅವನ ಹತ್ತಿರ ಇದ್ದದ್ದು ಅವರ ಮನೆತನದ ಬಿದಿರಿನ ಬಿಲ್ಲು. ಒಳ್ಳೆಯ ಗುರಿಗಾರ, ಅದಕ್ಕೆ ತಕ್ಕ ಬಡಾಯಿಗಾರ. ತಾನು ಹೊಡೆದ ಹಂದಿಗಳನ್ನು ಪ್ರತಿ ಸಲ ಹೇಳುವಾಗಲೂ ಅವು ಒಂದು ಗೇಣು ಬೆಳೆದಿರುತ್ತಿದ್ದವು.

ಆ ವರ್ಷ ಬಿಲ್ಲಿನ ಹಳೆಯ ಹೆದೆ ಎಳೆ ಬಿಚ್ಚಿಕೊಂಡು ಕೆಲಸಕ್ಕೆ ಬಾರದಾಗಿತ್ತು. ಹೊಸ ಹೆದೆ ಬಂದದ್ದು ಅತ್ತೆಯ ತವರು ಗುರುಗುಂಟೆಯಿಂದ. ಅವಳ ಅಪ್ಪ ಹೆದೆ ಹೊಸೆಯುವುದರಲ್ಲಿ ಹೆಸರಾದವನು. ಆತ ಯಾವಾಗಲೂ ಹೊಸೆಯುತ್ತಿದ್ದುದು ನರದ ಹೆದೆ. ಸತ್ತ ಎತ್ತಿನ ಬೆನ್ನಿನ ನರವನ್ನು ಒಣಗಿಸಿ, ಜಜ್ಜಿ, ಎಳೆ ತೆಗೆದು ಮಾಡುವಂಥದು. ಅದಕ್ಕೆ ಎಣ್ಣೆ ಬೇಕೇ ಬೇಕು, ಇಲ್ಲದಿದ್ದರೆ ನಮ್ಮ ಸೀಮೆಯ ಬಿಸಿಲಿಗೆ ಒಣಗಿ ಚಿಟಿಲ್ಲೆಂದು ಹರಿಯುತ್ತದೆ. ಅತ್ತೆ ಹುಟ್ಟಿದಾಗಿನಿಂದ ನೋಡಿದ್ದು ಅದನ್ನೇ. ಆದರೆ ಕೊನೆಯ ವರ್ಷ ಮುದುಕನ ಕೈ ನಡುಗತೊಡಗಿ ನರ ಜಜ್ಜುವ ಶಕ್ತಿ ಉಳಿದಿರಲಿಲ್ಲ. ಅಳಿಯನಿಗೆ ಒಂದು ಹೆದೆ ಕೊಟ್ಟೇ ಹೋಗಬೇಕೆಂದು ಸೆಣಬಿನಿಂದ ಹೊಸೆದಿದ್ದ. ಅದೇ ಅವನ ಕಡೆಯ ಕೆಲಸ. ದಿನಕರ್ಮ ಮುಗಿದ ಮೇಲೆ ಅತ್ತೆ ಅದನ್ನು ಮಡಿಲಲ್ಲಿ ಕಟ್ಟಿಕೊಂಡು ಬಂದಿದ್ದಳು. ಸೆಣಬಿಗೆ ಹಚ್ಚಬೇಕಾದದ್ದು ಜೇನುಮೇಣ. ಎಣ್ಣೆ ಹಚ್ಚಿದರೆ ಎಳೆಗಳು ಒಂದರ ಮೇಲೊಂದು ಜಾರುತ್ತವೆ, ಗಂಟು ಹಿಡಿತ ಬಿಡುತ್ತದೆ. ಇದನ್ನು ಅವಳಿಗೆ ಹೇಳಬೇಕಾದವನು ಗುರುಗುಂಟೆಯ ಮಣ್ಣಿನಲ್ಲಿದ್ದ.

ಹೊಸ ಹೆದೆಯನ್ನು ಬಿಲ್ಲಿಗೆ ಕಟ್ಟಿದ ದಿನವೇ ಬೇಟೆಗೆ ಒಯ್ಯುವಂತಿಲ್ಲ. ಅದನ್ನು ಪಳಗಿಸಬೇಕು. ಮಾವ ಅದನ್ನು ಮಾಡುವುದನ್ನು ನಾನು ದಿನವೂ ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದೆ. ಹೆದೆಯ ಮೇಲ್ತುದಿಯಲ್ಲಿ ಹೊಸೆದೇ ಮಾಡಿದ ಕುಣಿಕೆ, ಕೆಳತುದಿಯಲ್ಲಿ ಬಿಲ್ಲಿನ ಕೊನೆಗೆ ಸುತ್ತಿ ಬಿಗಿಯುವ ಗಂಟು. ಆ ಗಂಟಿಗೆ ಬೇರೆ ಆಸರೆಯಿಲ್ಲ. ಸುತ್ತಿನ ಮೇಲೆ ಸುತ್ತು ಒತ್ತಿಕೊಂಡು ತನ್ನನ್ನು ತಾನೇ ಕಚ್ಚಿ ಹಿಡಿಯಬೇಕು. ಕಟ್ಟಿ ಒಂದು ರಾತ್ರಿ ಬಿಟ್ಟರೆ ಬೆಳಗಿಗೆ ಹೆದೆ ಹಿಗ್ಗಿ ಸಡಿಲಾಗಿರುತ್ತದೆ. ಮಾವ ಬಿಲ್ಲಿನ ಹಿಡಿಕೆಯ ಮೇಲೆ ಮುಷ್ಟಿ ಇಟ್ಟು ಹೆಬ್ಬೆರಳನ್ನು ನೆಟ್ಟಗೆ ನಿಲ್ಲಿಸುತ್ತಿದ್ದ. ಬೆರಳಿನ ತುದಿ ಹೆದೆಗೆ ತಾಗಿಯೂ ತಾಗದಂತಿದ್ದರೆ ಸರಿ. ಹೆದೆ ಬೆರಳಿನ ಮೇಲೆಯೇ ಕುಳಿತರೆ, ಬಿಚ್ಚಿ, ನಾಲ್ಕಾರು ಸುತ್ತು ಹುರಿ ಏರಿಸಿ ಮತ್ತೆ ಕಟ್ಟುವುದು. ಆಮೇಲೆ ಮೇಣ ಸವರಿ, ಚರ್ಮದ ತುಂಡಿನಿಂದ ಬಿಸಿಯಾಗುವಷ್ಟು ಉಜ್ಜುವುದು. ಅರ್ಧಕ್ಕೆ ಎಳೆದು ಮೆಲ್ಲಗೆ ಇಳಿಸುವುದು. ಬಾಣವಿಲ್ಲದೆ ಬರಿ ಹೆದೆಯನ್ನು ಬಿಟ್ಟರೆ ಬಿಲ್ಲು ಸೀಳುತ್ತದಂತೆ. ಹೀಗೆ ಮಾಡುತ್ತಾ ಹೋದರೆ ಒಂದು ದಿನ ಹೆದೆ ಹಿಗ್ಗುವುದನ್ನು ನಿಲ್ಲಿಸುತ್ತದೆ. ಆವತ್ತು ಮೀಟಿದರೆ ಅದರ ದನಿಯೇ ಬೇರೆ.

"ಈ ಹೆದಿ ನಾಳಿ ನಾಡ್ದಿಗೆ ನಿಂದರತೈತಿ ನೋಡಪಾ," ಎಂದು ಹಿಂದಿನ ದಿನ ತಾನೆ ಹೇಳಿದ್ದ.

ಆ ಬೆಳಿಗ್ಗೆ ಹಳ್ಳದಿಂದ ಬಂದವನೇ ನನ್ನನ್ನು ನೋಡಿ, "ಏನ್ ಅಳಿಯಾ, ನೀ ಗಡಿಯಾರಕ್ಕ ಕೀಲಿ ಕೊಟ್ಟರ ಸೂರ್ಯಾ ಲಗೂನ ಏರತಾನೇನು?" ಎಂದು ನಗುತ್ತಾ ಬಿಲ್ಲಿಗೆ ಕೈ ಹಾಕಿದ. ಬೆರಳು ಜಾರಿತು. ಬೆರಳುಗಳನ್ನು ಮೂಗಿನ ಹತ್ತಿರ ಹಿಡಿದು ನೋಡಿದ.

ಅತ್ತೆ ಬಾಗಿಲಲ್ಲಿ ನಿಂತಿದ್ದಳು. "ಕುಸುಬಿ ಎಣ್ಣಿ ರೀ. ಅಪ್ಪ ಅದನ್ನ ಹಚ್ಚತಿದ್ದ. ನೀವು ಬರೋದ್ರಾಗ ಹಚ್ಚಿ ಇಟ್ಟೀನಿ."

ಮಾವ ಅವಳ ಮುಖ ನೋಡಿದ. ನಾನೂ ನೋಡಿದೆ. ಹೊಗಳಿಕೆಗೆ ಕಾದು ನಿಂತ ಮುಖ.

"ಚಲೋ ಮಾಡಿದಿ," ಅಂದ. ಕೈಯನ್ನು ರುಮಾಲಿಗೆ ಒರೆಸಿಕೊಂಡ.

ಸ್ವಲ್ಪ ಹೊತ್ತಿನ ನಂತರ ಅವನು ದನದ ಕೊಟ್ಟಿಗೆಯಲ್ಲಿ ಕುಳಿತು ಹೆದೆಗೆ ಒಲೆಯ ಬೂದಿ ಉಜ್ಜುತ್ತಿರುವುದನ್ನು ಕಂಡೆ. ಉಜ್ಜಿ, ಬಟ್ಟೆಯಿಂದ ಒರೆಸಿ, ಮತ್ತೆ ಬೂದಿ. ಯಾಕೆಂದು ಕೇಳಿದೆ. "ಜಿಡ್ಡು ಆತಪಾ, ಕೈಗೆ ಹತ್ತಲಿಕತ್ತೈತಿ. ನಿಮ್ಮತ್ತಿ ಮುಂದ ಒದರಬ್ಯಾಡ," ಎಂದ. ಹೆದೆ ಕೈಗೆ ಜಾರಬಾರದೆಂದು ಮಾಡುತ್ತಿದ್ದಾನೆ ಅಂದುಕೊಂಡೆ. ಗಂಟಿನ ಒಳಗೆ ಇಳಿದದ್ದನ್ನು ಬೂದಿ ಹೀರಲಾರದು ಎಂಬುದು ಅವನಿಗೆ ಗೊತ್ತಿತ್ತು, ನನಗಿರಲಿಲ್ಲ.

ಆ ಮೇಲೆ ಹೆದೆ ನಿಲ್ಲಲೇ ಇಲ್ಲ. ಪ್ರತಿ ಬೆಳಿಗ್ಗೆಯೂ ಅದು ಮಾವನ ಹೆಬ್ಬೆರಳಿನ ಮೇಲೆ ಮೈಚೆಲ್ಲಿ ಕುಳಿತಿರುತ್ತಿತ್ತು. ಅವನು ಹುರಿ ಏರಿಸುವನು, ಕಟ್ಟುವನು, ಮೇಣ ಸವರುವನು. ಮೇಣ ಎಣ್ಣೆಯ ಮೇಲೆ ನಿಲ್ಲದೆ ಉಂಡೆಗಟ್ಟಿ ಉದುರುವುದು. ಒಮ್ಮೆ ಅಟ್ಟದಿಂದ ಸೆಣಬಿನ ಕಟ್ಟು ಇಳಿಸಿ ಅಂಗಳದಲ್ಲಿ ಎಳೆ ಬಿಡಿಸತೊಡಗಿದ. ಅತ್ತೆ ರೊಟ್ಟಿ ಬಡಿಯುವುದನ್ನು ಬಿಟ್ಟು ಹೊರಗೆ ಬಂದಳು.

"ಯಾಕ್ರಿ, ಅಪ್ಪನ ಹೆದಿ ಸಾಲಂಗಿಲ್ಲೇನು?"

"ಅಯ್ಯ, ಹೆದಿಗೆ ಯಾರಂದ್ರು? ಹೋರಿಕರಕ್ಕ ಕಣ್ಣಿ ಮಾಡಾಕತ್ತೀನಿ."

"ಕಣ್ಣಿಗೆ ಇಷ್ಟು ಸಣ್ಣ ಎಳಿ?"

"ನಾಜೂಕ ಕರಾ ಐತಿ. ನಿಮ್ಮ ತವರಿನ ತಳಿ ಅಲ್ಲೇನು?"

ಅವಳು ನಕ್ಕು ಒಳಗೆ ಹೋದಳು. ಮಾವ ನಿಜವಾಗಿಯೂ ಕಣ್ಣಿಯನ್ನೇ ಹೊಸೆದು ಕರುವಿಗೆ ಕಟ್ಟಿದ. ಆ ಸೆಣಬು ಹೆದೆಯಾಗಲಿಲ್ಲ. ಅಂದು ಅವನ ಆಲೋಚನೆ ಏನಿತ್ತೆಂದು ಆಮೇಲೆ ಅವನೇ ಹೇಳಿದ. ನಾಲ್ಕು ದಿನ ತಳ್ಳಿದರೆ ಸೀತನಿ ಕಾಲ ಮುಗಿಯುತ್ತದೆ, ಹಂದಿಗಳು ಗುಡ್ಡಕ್ಕೆ ತಿರುಗುತ್ತವೆ, ಆಗ ನಿಧಾನವಾಗಿ "ಹರಿದುಹೋತು" ಎಂದು ಹೇಳಿ ಬೇರೆ ಕಟ್ಟಬಹುದು, ಅವಳಿಗೂ ನೋವಾಗುವುದಿಲ್ಲ.

ಹಂದಿಗಳು ಕಾಯಲಿಲ್ಲ. ಒಂದು ಮುಂಜಾನೆ ನೆರೆಮನೆಯ ಕಾಕಾ ಭರ್ಚಿ ಹಿಡಿದು, ನಾಯಿಗಳನ್ನು ಕಟ್ಟಿಕೊಂಡು ಬಾಗಿಲಿಗೆ ಬಂದ. ಅವನ ಹಿಂದೆ ಡಬ್ಬಿ, ಕೋಲು ಹಿಡಿದ ಜನ.

"ದೊಡ್ಡ ಗಂಡಹಂದಿ ಐತಿ. ಜ್ವಾಳದಾಗ ಇನ್ನಾ ಮಲಗೇತಿ. ಏಳಪಾ ಬಿಲ್ಲಗಾರ. ಇಲ್ಲಾ ಇವತ್ತ ಮನ್ಯಾಗ ಹೆಣತಿ ಸೆರಗು ಹಿಡಕೊಂಡು ಕುಂದ್ರತಿಯೋ?"

ಮಾವ ಬಿಲ್ಲನ್ನು ಇಳಿಸಿದ. ಹೆಬ್ಬೆರಳು ಇಟ್ಟು ನೋಡಿದ. ಹುರಿ ಏರಿಸಿದ. ಗಂಟನ್ನು ಹಲ್ಲಿನಿಂದ ಕಚ್ಚಿ ಬಿಗಿದ. ಅತ್ತೆ ಕುಂಕುಮದ ಬೆರಳನ್ನು ಹೆದೆಯ ನಡುವಿಗೆ ಮುಟ್ಟಿಸಿ, "ಅಪ್ಪ ನಿಮ್ಮ ಜ್ವಾಡಿ ಬಂದಂಗ ತಿಳೀರಿ," ಅಂದಳು. ಅವನು ಆಗ ಏನು ಹೇಳಬಹುದಿತ್ತು ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಅವನು ಹೇಳಿದ್ದು, "ಖಾರಾ ಅರದು ಇಡು" ಎಂದು ಮಾತ್ರ.

ನಾನೂ ಹೋದೆ. ಹೊಲದ ಅಂಚಿಗೆ ಹಳ್ಳ. ಹಳ್ಳದ ದಡ ಒಂದು ಕಡೆ ಕುಸಿದು ಇಳಿಯುವ ಹಾದಿಯಾಗಿತ್ತು. ಓಡಿಸಿದ ಹಂದಿ ಅಲ್ಲಿಂದಲೇ ಇಳಿಯಬೇಕು. ಮಾವ ಅದಕ್ಕೆ ಎದುರಾಗಿ ಹಳ್ಳದ ಮರಳಿನಲ್ಲಿ ಒಂದು ಮೊಣಕಾಲೂರಿ ಕುಳಿತ. ನನ್ನನ್ನು ಆಚೆಯ ದಡದ ಬಂಡೆಯ ಮೇಲೆ ಹತ್ತಿಸಿ, "ಏನಾದರೂ ಕೆಳಗ ಇಳಿಬ್ಯಾಡ. ನಿನಗೇನರ ಆದ್ರ ನಮ್ಮಕ್ಕ ನನ್ನ ಬಿಡಂಗಿಲ್ಲ," ಅಂದ. ದೂರದಲ್ಲಿ ಡಬ್ಬಿಗಳು ಬಡಿದವು. ನಾಯಿಗಳ ದನಿ ಹತ್ತಿರವಾಯಿತು.

ಆಮೇಲಿನದನ್ನು ನಾನು ಎಷ್ಟು ಸಲ ಕಂಡಿದ್ದೇನೋ ಲೆಕ್ಕವಿಲ್ಲ. ಮುಂದೆ ಸಿಂಧನೂರಿನಲ್ಲಿ ನೌಕರಿಗೆ ಸೇರಿ, ಹೆಂಡತಿ ಮಕ್ಕಳಾದ ಮೇಲೂ, ಊಟಕ್ಕೆ ಕುಳಿತಲ್ಲಿ, ಬಸ್ಸಿಗೆ ನಿಂತಲ್ಲಿ ಅದು ಮೊದಲಿನಿಂದ ಶುರುವಾಗುತ್ತದೆ. ಜೋಳದ ದಂಟು ಮುರಿಯುವ ಸದ್ದು. ದಡದ ಮೇಲೆ ಕರಿಯ ಮೈ. ಅದು ಒಂದು ಕ್ಷಣ ನಿಂತು ಮೂಸುತ್ತದೆ. ಮಾವ ಬಾಣವನ್ನು ಕಿವಿಯವರೆಗೆ ಎಳೆಯುತ್ತಾನೆ. ಅವನ ಬೆನ್ನಿನ ಎಲುಬು ಕೂಡ ನನಗೆ ಕಾಣುತ್ತದೆ. ಹಂದಿ ಇಳಿಯುತ್ತದೆ. ಆಗ ಒಂದು ಸದ್ದು, ಒದ್ದೆ ಬಟ್ಟೆಯನ್ನು ಕಲ್ಲಿಗೆ ಒಗೆದಂಥದು. ಬಿಲ್ಲು ಅವನ ಕೈಯಲ್ಲಿ ನೆಟ್ಟನೆ ಕೋಲಾಗಿ ನಿಂತಿದೆ. ಹೆದೆ ಮೇಲ್ತುದಿಯಿಂದ ಹಗ್ಗದ ಹಾಗೆ ಜೋತಾಡುತ್ತಿದೆ. ಬಾಣ ಅವನ ಪಾದದ ಬಳಿ ಬಿದ್ದಿದೆ. ಅವನು ಓಡಲಿಲ್ಲ. ಓಡುವಷ್ಟು ಹೊತ್ತೂ ಇರಲಿಲ್ಲ. ಕೋಲಾದ ಬಿಲ್ಲನ್ನೇ ಅಡ್ಡ ಹಿಡಿದ.

ಹಂದಿ ಅವನನ್ನು ಎತ್ತಿ ಹಾಕಿ, ತಿರುಗಿ ಮತ್ತೆ ಬಂತು. ನಾನು ಬಂಡೆಯ ಮೇಲಿಂದ ಕೂಗಿದೆನಂತೆ. ನನಗೆ ನೆನಪಿಲ್ಲ. ನಾಯಿಗಳು ಮೇಲೆ ಬಿದ್ದವು, ಕಾಕಾ ಭರ್ಚಿ ಇಳಿಸಿದ. ನಾನು ಕೆಳಗಿಳಿದಾಗ ಮಾವನ ಬಲತೊಡೆ ಮೊಣಕಾಲಿನಿಂದ ಮೇಲಕ್ಕೆ ತೆರೆದುಕೊಂಡಿತ್ತು. ರುಮಾಲು ಬಿಚ್ಚಿ ಕಟ್ಟಿದೆವು. ಅವನು ನನ್ನ ಕೈ ಹಿಡಿದು ಹೇಳಿದ ಮೊದಲ ಮಾತು, "ಹೆದಿ ಹರೀತು ಅಂತ ಹೇಳು. ನಿಮ್ಮತ್ತಿಗೆ ಹಂಗ ಹೇಳು."

ಹಗ್ಗದ ಹೊರಸಿನ ಮೇಲೆ ಮಲಗಿಸಿ ಮನೆಗೆ, ಮನೆಯಿಂದ ಬಂಡಿಯಲ್ಲಿ ಲಿಂಗಸುಗೂರಿನ ದವಾಖಾನೆಗೆ. ಅತ್ತೆ ದಾರಿಯುದ್ದಕ್ಕೂ ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಸಂತೆಕಲ್ಲೂರಿನ ಹತ್ತಿರ ಎತ್ತುಗಳಿಗೆ ನೀರು ಕುಡಿಸಲು ನಿಲ್ಲಿಸಿದಾಗ, "ಹೆದಿ ಹರೀತಂತ ಹೌದೇನೋ ತಮ್ಮಾ?" ಎಂದು ನನ್ನನ್ನು ಕೇಳಿದಳು. "ಹೌದು ಅತ್ತಿ," ಅಂದೆ. "ಅಪ್ಪನ ಕೈ ಸೋತಿತ್ತು. ಅದಕ್ಕ ಹರೀತು," ಎಂದು ತಾನೇ ಸಮಾಧಾನ ಹೇಳಿಕೊಂಡಳು. ಸತ್ತ ಅಪ್ಪನ ಮೇಲೆ ತಪ್ಪು ಹೊರಿಸಿದೆನೆಂದು ಮರುಕ್ಷಣವೇ ಗಲ್ಲ ಗಲ್ಲ ಬಡಿದುಕೊಂಡಳು.

ದವಾಖಾನೆಯ ಡಾಕ್ಟರ್ ಸಾಹೇಬರು ಹೊಲಿಗೆ ಹಾಕಿದರು. ಜೀವಕ್ಕೆ ಭಯವಿಲ್ಲ, ಕಾಲು ಉಳಿಯುವುದೋ ಇಲ್ಲವೋ ನಂಜು ಇಳಿದ ಮೇಲೆ ನೋಡೋಣ ಎಂದರು. ನಂಜು ಏರಿದ ದಿನಗಳಲ್ಲೇ ಕಾಕಾ ನೋಡಲು ಬಂದ. ಒಳ್ಳೆಯ ಮನುಷ್ಯ. ಮಾವನ ಮನೆತನದ ಬಿಲ್ಲು ಹಳ್ಳದಲ್ಲಿ ಬಿದ್ದಿರಬಾರದೆಂದು ಜೋಪಾನ ಮಾಡಿ ತಂದಿದ್ದ. ಅದನ್ನು ಗೋಡೆಗೆ ಒರಗಿಸಿ, ಹೆದೆಯನ್ನು ಬೆರಳಲ್ಲಿ ತಿಕ್ಕುತ್ತಾ ಹೇಳಿದ.

"ನೋಡಿದಿ ಏನು, ಹೆದಿ ಹರಿದೇ ಇಲ್ಲ. ಗಂಟು ಜಾರೇತಿ. ಯಾವ ಪುಣ್ಯಾತ್ಮ ಸೆಣಬಿಗೆ ಎಣ್ಣಿ ಕುಡಿಸ್ಯಾನ?"

ಅತ್ತೆ ನೀರಿನ ತಂಬಿಗೆ ಹಿಡಿದು ಬಾಗಿಲಲ್ಲಿದ್ದಳು. ಮಾವ ಜ್ವರದಲ್ಲೂ ಎದ್ದು ಕೂರಲು ನೋಡಿದ. "ನಾನ ಹಚ್ಚಿದ್ದೆ," ಎಂದ. ಆದರೆ ಅವಳು ಅಷ್ಟರಲ್ಲಿ ತಂಬಿಗೆಯನ್ನು ನೆಲಕ್ಕಿಟ್ಟು ತನ್ನ ಹೆಬ್ಬೆರಳನ್ನೇ ನೋಡುತ್ತಿದ್ದಳು.

ಅಲ್ಲಿಂದ ಅವಳು ನಿದ್ದೆ ಬಿಟ್ಟಳು. ಕಾಲು ಉಳಿಯಿತು. ಮಾವನನ್ನು ಊರಿಗೆ ಕರೆತಂದೆವು. ಮೊಣಕಾಲು ಮಾತ್ರ ಮುಂದೆಂದೂ ಮಡಚಲಿಲ್ಲ. ಮೊಣಕಾಲೂರಿ ಬಿಲ್ಲು ಎಳೆಯುವ ಮನುಷ್ಯನಿಗೆ ಅದರ ಅರ್ಥ ಏನೆಂದು ಮೂವರಿಗೂ ತಿಳಿದಿತ್ತು. ಅತ್ತೆ ರಾತ್ರಿಯೆಲ್ಲ ಗೋಡೆಗೆ ಒರಗಿ ಕುಳಿತಿರುತ್ತಿದ್ದಳು. ಕಣ್ಣು ಹತ್ತಿತೆಂದರೆ ಮಾವ ಚೀರಿ ಏಳುತ್ತಿದ್ದ. ನಾನು ಕಣ್ಣು ಮುಚ್ಚಿದರೆ ಆ ಒದ್ದೆ ಬಟ್ಟೆಯ ಸದ್ದು. ಒಂದೇ ಪಡಸಾಲೆಯಲ್ಲಿ ಮೂವರೂ ಎಚ್ಚರವಿದ್ದು, ಉಳಿದವರು ಮಲಗಿದ್ದಾರೆಂದು ನಂಬಿದವರಂತೆ ನಟಿಸುತ್ತಿದ್ದೆವು.

ಹಗಲು ಅತ್ತೆ ಅವನ ಎಲ್ಲ ಮಾತಿಗೂ ತಲೆಯಾಡಿಸುತ್ತಿದ್ದಳು. ಮೊದಲಾದರೆ ರೊಟ್ಟಿ ಆರಿತೆಂದು ಅವನು ಗೊಣಗಿದರೆ ನಾಲ್ಕು ಮಾತು ತಿರುಗಿಸಿ ಆಡುವವಳು. ಈಗ ಸುಮ್ಮನೆ ಎದ್ದು ಬೇರೆ ಬಡಿದು ತರುವಳು. ಮಾವ ಬೇಕೆಂದೇ ಕೆಣಕಿದರೂ ಬಾಯಿ ತೆರೆಯಳು. ಅವನು ಒಂದಾದ ಮೇಲೊಂದು ಸುಳ್ಳು ಹೇಳಿ ನೋಡಿದ. ಎಣ್ಣೆಯಿಂದ ಅಲ್ಲ ಎಂದ. ಬಿದಿರು ಸೀಳಿತ್ತು ಎಂದ. ತಾನೇ ಗಂಟು ಅವಸರದಲ್ಲಿ ಹಾಕಿದ್ದು ಎಂದ. ಒಂದೊಂದು ಸುಳ್ಳಿಗೂ ಅವಳು ಇನ್ನಷ್ಟು ಕುಗ್ಗಿದಳು. ತನ್ನನ್ನು ಉಳಿಸಲು ಇಷ್ಟು ಸುಳ್ಳು ಬೇಕೆಂದರೆ ತನ್ನ ತಪ್ಪು ಎಷ್ಟು ದೊಡ್ಡದಿರಬೇಕು ಎಂದು ಅವಳಿಗೆ ಅನ್ನಿಸುತ್ತಿತ್ತೇನೋ.

ಒಂದು ಮಧ್ಯಾಹ್ನ, ಅವಳು ಅವನ ಕಾಲಿಗೆ ಬಿಸಿನೀರು ಕಾಯಿಸಿ ತಂದಾಗ, ಮಾವ ಅವಳ ಕೈ ಹಿಡಿದು ಕೂರಿಸಿದ.

"ಕೇಳಿಲ್ಲೆ. ಎಣ್ಣಿ ಹಚ್ಚಿದ್ದು ನೀನ ಹೌದು. ಆದ್ರ ನನಗ ಅವತ್ತ ಗೊತ್ತಿತ್ತು. ಬಟ್ಟು ಜಾರಿದಾಗ ಗೊತ್ತಾತು, ಇದು ಗಂಟು ಹಿಡಿಯಂಗಿಲ್ಲಂತ. ಬೂದಿ ತಿಕ್ಕಿ ನೋಡಿದೆ. ಇವನನ್ನ ಕೇಳು. ಕಣ್ಣಿ ಹೊಸೆದ್ನಲ್ಲ, ಅದು ಕಣ್ಣಿ ಅಲ್ಲ, ಹೆದಿಗಂತ ತಗದಿದ್ದೆ. ನೀ ಬಂದು ಕೇಳಿದಿ. ನಿನ್ನ ಮಾರಿ ನೋಡಿ ಬಾಯಿ ಬರಲಿಲ್ಲ. ಗೊತ್ತಿದ್ದೂ ಹೋದೆ."

ಅತ್ತೆ ನನ್ನ ಕಡೆ ತಿರುಗಿದಳು. ಬೂದಿ ಹಚ್ಚಿದ್ದು ನಿಜ ಎಂದೆ. ಅವಳು ಬಿಸಿನೀರಿನ ಪಾತ್ರೆಯನ್ನು ಪಕ್ಕಕ್ಕೆ ಸರಿಸಿದಳು. ನಾನು ಅಳುತ್ತಾಳೆ ಅಂದುಕೊಂಡೆ.

"ಗೊತ್ತಿತ್ತು," ಅಂದಳು. "ಗೊತ್ತಿತ್ತು ನಿನಗ." ಗಂಡನಿಗೆ ಅವಳು ನೀ ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. "ನಿನ್ನ ಕಾಲಿಗಿಂತ ನನ್ನ ಮಾರಿ ದೊಡ್ಡದಾತು? ಎಣ್ಣಿ ಬ್ಯಾಡಾಗಿತ್ತಲೇ ಅಂತ ಒಂದು ಮಾತು ಬಾಯಾಗ ಬರಲಿಲ್ಲ? ನಾ ಏನು ಸಾಯತಿದ್ನ್ಯಾ? ಒಂದು ಹೊತ್ತು ಅಳತಿದ್ದೆ. ಒಂದು ಹೊತ್ತಿನ ಅಳು ಉಳಿಸಾಕ ಹೋಗಿ ಜನ್ಮದ್ದು ತಂದಿಟ್ಟೀಯಲ್ಲ. ನನ್ನ ಅಪ್ಪ ಸತ್ತಾನಂತ ನೀನೂ ಸಾಯಾಕ ಹೊಂಟಿದ್ದಿ? ಹೆದಿ ನೀರಾಗ ಬಿಸಾಕಬೇಕಿತ್ತು. ಒಲಿಗೆ ಹಾಕಬೇಕಿತ್ತು. ಅಪ್ಪ ಇದ್ದಿದ್ರ ಅವನ ಮೊದಲು ಬೈತಿದ್ದ ನಿನಗ."

ಮಾವ ಮಾತಿಗೆ ಬಾಯಿ ತೆರೆದ. "ಸುಮ್ಮಕಿರು," ಅಂದಳು.

ಅವಳು ನೀರು ಹಾಕುತ್ತಾ ಬೈದಳು, ಕಾಲು ಒರೆಸುತ್ತಾ ಬೈದಳು, ಎಮ್ಮೆ ಹಿಂಡುತ್ತಾ ಕೊಟ್ಟಿಗೆಯಿಂದಲೇ ಬೈದಳು. ನೆರೆಮನೆಯ ಕಾಕಾ ಬೇಲಿಯ ಮೇಲಿಂದ ಇಣುಕಿ, "ಏನವ್ವ, ಮನ್ಯಾಗ ಮತ್ತ ಹಂದಿ ಹೊಕ್ಕೈತೇನು?" ಎಂದು ಕೇಳಿ ತಾನೂ ಎರಡು ಮಾತು ಅನ್ನಿಸಿಕೊಂಡು ಹೋದ. ಮಾವ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಅವನ ಹೆಗಲು ಅಲುಗುತ್ತಿತ್ತು. ನಗುತ್ತಿದ್ದಾನೋ ಅಳುತ್ತಿದ್ದಾನೋ ನಾನು ಹತ್ತಿರ ಹೋಗಿ ನೋಡಲಿಲ್ಲ.

ಅವರಿಬ್ಬರ ನಡುವೆ ಆ ಬೆಳಿಗ್ಗೆ ಬರಬೇಕಾಗಿದ್ದ ಮಾತು ಈ ಮಧ್ಯಾಹ್ನ ಬಂದಿತ್ತು. ನಡುವಿನ ದಿನಗಳಲ್ಲಿ ಒಂದು ಮೊಣಕಾಲು ಹೋಗಿತ್ತು. ಒಬ್ಬರ ಮನಸ್ಸು ನೋಯಬಾರದೆಂದು ನಾವು ನುಂಗಿದ ಮಾತು ಎಲ್ಲಿ ಹೋಗಿ ಬೀಳುತ್ತದೆಂದು ನನಗೆ ಇಂದಿಗೂ ಭಯ. ನನ್ನ ಹೆಂಡತಿಯೊಡನೆ ನಾನು ಕಟುವಾಗಿ ಆಡಿಬಿಡುತ್ತೇನೆಂದು ಜನ ಅನ್ನುತ್ತಾರೆ. ಅನ್ನಲಿ.

ಅಂದು ರಾತ್ರಿ ಊಟವಾದ ಮೇಲೆ ಯಾವಾಗ ಮಲಗಿದೆನೋ ತಿಳಿಯದು. ಮರುದಿನ ಎಚ್ಚರವಾದಾಗ ಬಿಸಿಲು ಪಡಸಾಲೆಯ ನಡುಮಧ್ಯಕ್ಕೆ ಬಂದಿತ್ತು. ಎಮ್ಮೆ ಒಂದೇ ಸಮನೆ ಒದರುತ್ತಿತ್ತು. ಮಾವ ನೆಟ್ಟಗಿನ ಕಾಲನ್ನು ಚಾಚಿ ಗೊರಕೆ ಹೊಡೆಯುತ್ತಿದ್ದ. ಅತ್ತೆ ಅವನ ಹೊರಸಿನ ಕೆಳಗೆ, ಬರಿ ನೆಲದ ಮೇಲೆ ಸೆರಗು ಹಾಸಿಕೊಂಡು, ಬಾಯಿ ತುಸು ತೆರೆದು ಮಲಗಿದ್ದಳು. ಇಬ್ಬರನ್ನೂ ಎಬ್ಬಿಸಲಿಲ್ಲ. ಎಮ್ಮೆಗೆ ಒಂದು ಹೊರೆ ಕಣಿಕೆ ಹಾಕಿ ಬಂದು, ನಾನೂ ಮತ್ತೆ ಮಲಗಿದೆ.